ಇಂಜಿನ್‌ನದು ಏನೂ ತಪ್ಪಿರಲಿಲ್ಲ

ಬೆಳಗಾವಿಯಲ್ಲಿ ಬುಲೆಟ್ ಬೈಕಿನ ಬಗ್ಗೆ ಮಾತು ಶುರುವಾದರೆ ಅದು ಎಲ್ಲಿಗೆ ಬೇಕಾದರೂ ಹೋಗುತ್ತದೆ. ಕಾರ್ಖಾನೆಗಳಿರುವ ಉದ್ಯಮಬಾಗದ ಚಹಾ ಅಂಗಡಿಗಳಲ್ಲಂತೂ ಯಾರಾದರೊಬ್ಬರು ಕೇಳೇ ಕೇಳುತ್ತಾರೆ: "ಬುಲೆಟ್ ಇಂಜಿನ್ ಹಚ್ಚಿದ್ರ ವಿಮಾನ ಹಾರೂದಿಲ್ಲೇನ್ರಿ?" ಉಳಿದವರು ನಗುತ್ತಾರೆ. ನಾನು ನಗುವುದಿಲ್ಲ. ಲೇತ್ ಇಟ್ಟುಕೊಂಡು ಶಾಫ್ಟು, ಕಪ್ಲಿಂಗು, ಪುಲ್ಲಿ ಅಂತ ದಿನ ಕಳೆಯುವ ನನಗೆ ಅದು ಒಳ್ಳೆಯ ಪ್ರಶ್ನೆ ಅನಿಸುತ್ತದೆ.

ಬೈಕಿನ ಇಂಜಿನ್ ಹಾರಿದೆ, ಅದೂ ವಿಮಾನದ ಬಾಲ್ಯದಲ್ಲೇ. ಅಮೆರಿಕದ ಗ್ಲೆನ್ ಕರ್ಟಿಸ್ ಮೊದಲು ಸೈಕಲ್, ಆಮೇಲೆ ಬೈಕ್ ಮಾಡುತ್ತಿದ್ದ ಮನುಷ್ಯ. 1904 ರಲ್ಲಿ ಅವನ ಬೈಕಿನ ಇಂಜಿನ್ನನ್ನು ಬಾಲ್ಡ್‌ವಿನ್ ಎಂಬಾತ ತನ್ನ ವಾಯುನೌಕೆಗೆ ಹಾಕಿಕೊಂಡು ಹಾರಿದ. 1909 ರ ಜುಲೈ 25 ರಂದು ಬ್ಲೆರಿಯೋ ಇಂಗ್ಲಿಷ್ ಕಾಲುವೆ ದಾಟಿದಾಗ ವಿಮಾನದ ಮೂತಿಯಲ್ಲಿದ್ದದ್ದು ಆಂಜಾನಿಯ ಮೂರು ಸಿಲಿಂಡರಿನ 25 ಎಚ್‌ಪಿ ಇಂಜಿನ್. ಆಂಜಾನಿ ಹೆಸರು ಮಾಡಿದ್ದೇ ಬೈಕ್ ಇಂಜಿನ್ನಿನಿಂದ. ಅದೇ ತಿಂಗಳು ಇಂಗ್ಲೆಂಡಿನಲ್ಲಿ ಎ. ವಿ. ರೋ ಎಂಬಾತ ಕಾಗದ ಹೊದಿಸಿದ ಮೂರು ರೆಕ್ಕೆಯ ವಿಮಾನವನ್ನು ನೆಲದಿಂದ ಎಬ್ಬಿಸಿದ. ಅದರಲ್ಲಿದ್ದದ್ದು ಜೆ.ಎ.ಪಿ. ಕಂಪನಿಯ ಬೈಕ್ ಇಂಜಿನ್, 9 ಎಚ್‌ಪಿ. ನಮ್ಮ ಯಮಹಾ ಆರ್‌ಎಕ್ಸ್ 100 ಕೊಡುವುದು 11!

ಇನ್ನೊಂದು ಹೇಳಲೇಬೇಕು, ಯಾಕಂದ್ರೆ ನಮ್ಮ ಜನ ಮೊದಲು ಕೇಳುವುದು "ಮೈಲೇಜ್ ಎಷ್ಟು?" ಅಂತಲೇ ಅಲ್ವಾ. 1923 ರಲ್ಲಿ ಇಂಗ್ಲೆಂಡಿನ ಲಿಮ್ (Lympne) ಎಂಬಲ್ಲಿ ಹಗುರ ವಿಮಾನಗಳ ಸ್ಪರ್ಧೆ ನಡೆಯಿತು. ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿಯ 'ರೆನ್' ಎಂಬ ಪುಟ್ಟ ವಿಮಾನ 398 ಸಿಸಿಯ ಎಬಿಸಿ ಬೈಕ್ ಇಂಜಿನ್ ಹಾಕಿಕೊಂಡು ಒಂದು ಗ್ಯಾಲನ್ನಿಗೆ 87.5 ಮೈಲಿ ಹಾರಿ ಬಹುಮಾನ ಹಂಚಿಕೊಂಡಿತು. ನಮ್ಮ ಲೆಕ್ಕದಲ್ಲಿ ಲೀಟರಿಗೆ 31 ಕಿಲೋಮೀಟರ್. ಎಷ್ಟೋ ಬುಲೆಟ್‌ಗಳು ಕೊಲ್ಲಾಪುರಕ್ಕೆ ಹೋಗಿ ಬರುವಾಗ ಅಷ್ಟು ಕೊಡುವುದಿಲ್ಲ.

ಹಾಗಾದರೆ ಬುಲೆಟ್ಟಿಗೆ ಏನು ತೊಂದರೆ? ಹಳೆಯ 350 ಬೀಡುಕಬ್ಬಿಣದ ಭಾರದ ಇಂಜಿನ್. ಇಷ್ಟು ಭಾರ ಹೊತ್ತು ಕೊಡುವುದು ಹದಿನೆಂಟು ಎಚ್‌ಪಿ. ಅದಕ್ಕಿಂತ ಮುಖ್ಯ, ಒಂದೇ ಸಿಲಿಂಡರ್. ಕ್ರ್ಯಾಂಕ್, ಅಂದರೆ ಪಿಸ್ಟನ್ ತಿರುಗಿಸುವ ಇಂಜಿನ್ನಿನ ಮುಖ್ಯ ಶಾಫ್ಟು, ಎರಡು ಸುತ್ತು ತಿರುಗಿದರೆ ಒಂದು ಸಲ ಒದೆಯುತ್ತದೆ. ಆ ಡುಗ್ ಡುಗ್ ಸದ್ದಿಗೇ ನಾವು ಮರುಳಾಗಿದ್ದೇವೆ. ಪ್ರೊಪೆಲ್ಲರಿಗೆ ಆಗದೇ ಇರುವುದೂ ಅದೇ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಕಾರಿನ ಇಂಜಿನ್ನಿನ ಕಥೆಯೂ ಹಳೆಯದು. 1929 ರಲ್ಲಿ ಅಮೆರಿಕದ ಮಿನ್ನೆಸೋಟದ ಬರ್ನಾರ್ಡ್ ಪೀಟನ್‌ಪೋಲ್ ಫೋರ್ಡ್ ಮಾಡೆಲ್ ಎ ಕಾರಿನ ಇಂಜಿನ್ ಹಾಕಿ 'ಏರ್ ಕ್ಯಾಂಪರ್' ಹಾರಿಸಿದ. ಅದು 3.3 ಲೀಟರಿನ ದೊಡ್ಡ ಇಂಜಿನ್, ಶಕ್ತಿ ಸುಮ್ನೆ 40 ಎಚ್‌ಪಿ. ಈಗಿನವರಿಗೆ ನಗು ಬರಬಹುದು. ಆದರೆ ಅದು ಆ 40 ಎಚ್‌ಪಿ ಕೊಡುತ್ತಿದ್ದದ್ದು 2200 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 2200 ಸುತ್ತಿನಲ್ಲಿ. ಪ್ರೊಪೆಲ್ಲರನ್ನು ನೇರವಾಗಿ ಕ್ರ್ಯಾಂಕಿಗೇ ಬೋಲ್ಟ್ ಮಾಡಬಹುದಿತ್ತು. ಗೇರ್ ಇಲ್ಲ, ಬೆಲ್ಟ್ ಇಲ್ಲ, ತಲೆನೋವಿಲ್ಲ. ಆಮೇಲೆ ಬಂದ ಫೋಕ್ಸ್‌ವ್ಯಾಗನ್ ಬೀಟಲ್‌ನ ಗಾಳಿ ತಂಪಿನ ಇಂಜಿನ್ನೂ ಹೀಗೇ ಓಡಿತು. 1600 ಸಿಸಿ, 3200 ಆರ್‌ಪಿಎಂ ಆಸುಪಾಸು, ಚಿಕ್ಕ ಪ್ರೊಪೆಲ್ಲರ್, ಐವತ್ತು-ಅರವತ್ತು ಎಚ್‌ಪಿ. ಮನೆಯಲ್ಲೇ ವಿಮಾನ ಕಟ್ಟುವವರು ಇವತ್ತಿಗೂ ಅದನ್ನು ಬಿಟ್ಟಿಲ್ಲ.

ಈಗಿನ ಇಂಜಿನ್ನುಗಳದು ಬೇರೆ ಜಾತಿ. ಚಿಕ್ಕವು, ಹಗುರ, ಆದರೆ ಶಕ್ತಿ ಬೇಕೆಂದರೆ ಜೋರಾಗಿ ತಿರುಗಬೇಕು. ಮಾರುತಿ 800 ರ 796 ಸಿಸಿ ಇಂಜಿನ್ ತನ್ನ 37 ಎಚ್‌ಪಿ ಕೊಡುವುದು 5000 ಆರ್‌ಪಿಎಂನಲ್ಲಿ. ಒಂದೂವರೆ ಮೀಟರ್ ದಾಟಿದ, 1.6 ಮೀಟರಿನ ಪ್ರೊಪೆಲ್ಲರ್ ತಗೊಳ್ಳೋಣ. ಅದನ್ನು ಸೀದಾ 5000 ದಲ್ಲಿ ತಿರುಗಿಸಿದರೆ ಎಲೆಯ ತುದಿ ಸೆಕೆಂಡಿಗೆ ಸುಮಾರು 419 ಮೀಟರ್ ವೇಗದಲ್ಲಿ ಹೋಗುತ್ತದೆ. ಗಾಳಿಯಲ್ಲಿ ಶಬ್ದದ ವೇಗವೇ 340. ತುದಿ ಆ ವೇಗದ ಹತ್ತಿರ ಹೋದರೂ ಸಾಕು, ಕಿವಿ ಹರಿಯುವ ಸದ್ದು ಬರುತ್ತದೆ, ತಳ್ಳುವ ಬಲ ಬೀಳುತ್ತದೆ. ಅದೇ ಪ್ರೊಪೆಲ್ಲರ್ 2500 ರಲ್ಲಿ ತಿರುಗಿದರೆ ತುದಿಯ ವೇಗ 209 ಮೀಟರ್. ಅದು ಸರಿ. ಅಂದರೆ ನಡುವೆ ಎರಡಕ್ಕೊಂದರ ಗೇರ್ ಅಥವಾ ಬೆಲ್ಟ್ ಬೇಕು. ವಿಮಾನಕ್ಕೆಂದೇ ಮಾಡಿದ ರೊಟ್ಯಾಕ್ಸ್ 912 ಕೂಡ 5800 ಆರ್‌ಪಿಎಂ ಇಂಜಿನ್ನೇ. ಅದರ ಮೂತಿಯಲ್ಲೇ ಗೇರ್‌ಬಾಕ್ಸ್ ಇದೆ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನವರು ಮಾಡಿದ ಹಂಸ-3 ವಿಮಾನದಲ್ಲಿರುವುದು ಅದರ ಟರ್ಬೊ (ಗಾಳಿಯನ್ನು ಒತ್ತಿ ತುಂಬುವ) ತಮ್ಮ, 914.

ಎಲ್ಲ ಗೋಳು ಶುರುವಾಗುವುದು ಈ ಗೇರಿನಿಂದಲೇ.

ಹೋದ ವರ್ಷ ರಾಯಬಾಗ ಕಡೆಯ ಒಬ್ಬ ಹುಡುಗ ನನ್ನ ಶೆಡ್ಡಿಗೆ ಬಂದ. ಇಲ್ಲೇ ಮೆಕ್ಯಾನಿಕಲ್ ಓದುತ್ತಿದ್ದ. ಗುಜರಿಯಿಂದ ಮಾರುತಿ 800 ಇಂಜಿನ್ ತಂದು ಸಂಬಂಧಿಕರ ಶೆಡ್ಡಿನಲ್ಲಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಿದ್ದ. ಮೇಲೊಂದು, ಕೆಳಗೊಂದು ಹಲ್ಲಿನ ಪುಲ್ಲಿ, ನಡುವೆ ಅಗಲವಾದ ಟೈಮಿಂಗ್ ಬೆಲ್ಟು. "ಕಾಕಾ, ಫ್ಲೈವೀಲಿಗೆ ಕೂಡಸಾಕ ಒಂದ್ ಹಬ್ ಮಾಡಿ ಕೊಡ್ರಿ" ಅಂದ. ಮಾಡಿಕೊಟ್ಟೆ. ಕೂರಿಸಿ ಡಯಲ್ ಗೇಜ್ ಹಚ್ಚಿ ನೋಡಿದರೆ ಓಲಾಟ 0.02 ಮಿಲಿಮೀಟರ್ ಒಳಗೇ ಇತ್ತು. ಅದಕ್ಕಿಂತ ಚೊಕ್ಕ ಕೆಲಸ ಬೇಕಿಲ್ಲ.

ಕೆಲವು ದಿನ ಓಡಿಸಿ, ಬಿಚ್ಚಿ, ಪುಲ್ಲಿ ಶಾಫ್ಟನ್ನು ವಾಪಸ್ ತಂದ. ಪುಲ್ಲಿಯನ್ನು ಶಾಫ್ಟಿಗೆ ಲಾಕ್ ಮಾಡುವ ಉಕ್ಕಿನ ತುಂಡು, ಅಂದರೆ ಕೀ, ಕೂರುವ ತೋಡಿನ ಎರಡೂ ಅಂಚು ಹೊಳೆಯುತ್ತಿದ್ದವು. ಸುತ್ತಿಗೆಯಿಂದ ಬಡಿದ ಹಾಗೆ ಲೋಹ ಹೊರಗೆ ತುಳುಕಿತ್ತು. ಕೀಯನ್ನು ಬೆರಳಲ್ಲೇ ಆಡಿಸಬಹುದಿತ್ತು. ಶಾಫ್ಟಿನ ಮೇಲೆ ಸಣ್ಣ ಕೆಂಪು-ಕಂದು ಪುಡಿ. ಎರಡು ಉಕ್ಕಿನ ತುಂಡುಗಳು ಒಂದಕ್ಕೊಂದು ಒತ್ತಿಕೊಂಡು ಕೂದಲೆಳೆಯಷ್ಟು ಹಿಂದೆ ಮುಂದೆ ಉಜ್ಜಿದರೆ ಮಾತ್ರ ಆ ಪುಡಿ ಬರುತ್ತದೆ. ಕ್ರಷರ್‌ಗಳ ಶಾಫ್ಟಿನಲ್ಲಿ ಬೇಕಾದಷ್ಟು ನೋಡಿದ್ದೇನೆ.

"ಎಷ್ಟರ ಆರ್‌ಪಿಎಂದಾಗ ನಡುಗ್ತಿತ್ತು?" ಅಂತ ಕೇಳಿದೆ.

"ಸಾವಿರದ ಆರ್‌ನೂರರ ಆಜೂಬಾಜೂ ಭಾಳ ನಡಗ್ತಿತ್ರಿ. ಅದನ್ನ ದಾಟಿದ್ರ ಗಪ್ ಆಗ್ತಿತ್ತು."

ಅಲ್ಲಿಗೆ ಅರ್ಥವಾಯಿತು. ಇಂಜಿನ್ ಅನ್ನುವುದು ಕರೆಂಟಿನ ಮೋಟಾರಿನ ಹಾಗೆ ಒಂದೇ ಸಮನೆ ತಿರುಗಿಸುವುದಿಲ್ಲ. ಒದೆಯುತ್ತದೆ, ಬಿಡುತ್ತದೆ, ಮತ್ತೆ ಒದೆಯುತ್ತದೆ. ಮೂರು ಸಿಲಿಂಡರಿನದಾದರೆ ಎರಡು ಸುತ್ತಿಗೆ ಮೂರು ಒದೆ. 1600 ಆರ್‌ಪಿಎಂ ಅಂದರೆ ಸೆಕೆಂಡಿಗೆ 40 ಒದೆ. ಈ ಕಡೆ ಭಾರದ ಫ್ಲೈವೀಲು, ಆ ಕಡೆ ಭಾರದ ಪ್ರೊಪೆಲ್ಲರು, ನಡುವೆ ಶಾಫ್ಟು ಮತ್ತು ಬೆಲ್ಟು. ಎಷ್ಟೇ ದಪ್ಪ ಇದ್ದರೂ ಉಕ್ಕಿನ ಶಾಫ್ಟು ಸ್ವಲ್ಪ ತಿರುಚಿಕೊಳ್ಳುತ್ತದೆ, ಮತ್ತೆ ಬಿಚ್ಚಿಕೊಳ್ಳುತ್ತದೆ. ಅದಕ್ಕೂ ತನ್ನದೇ ಒಂದು ತಾಳ ಇದೆ. ಒದೆಯುವ ತಾಳವೂ ಶಾಫ್ಟಿನ ತಾಳವೂ ಕೂಡಿದ ಗಳಿಗೆಯಲ್ಲಿ ತಿರುಚುವುದು ಬೆಳೆಯುತ್ತಾ ಹೋಗುತ್ತದೆ. ಇಂಜಿನ್ ಕೊಡುವ ಟಾರ್ಕ್, ಅಂದರೆ ತಿರುಗಿಸುವ ಬಲ, ಎಷ್ಟೋ, ಅದರ ಹಲವು ಪಟ್ಟು ಕೀ ಮೇಲೆ, ಬೋಲ್ಟಿನ ಮೇಲೆ, ಗೇರಿನ ಹಲ್ಲಿನ ಮೇಲೆ ಬೀಳುತ್ತದೆ. ಒಂದೇ ಸಿಲಿಂಡರಿನ ಬುಲೆಟ್ಟಿನ ಒದೆ ಯಾಕೆ ಆಗುವುದಿಲ್ಲ ಅಂದದ್ದು ಇದಕ್ಕೇ.

ಇದೇ ಇಂಜಿನ್ ಕಾರಿನಲ್ಲಿ ವರ್ಷಾನುಗಟ್ಟಲೆ ಓಡಿತ್ತಲ್ಲ, ಆಗ ಯಾಕೆ ಹೀಗಾಗಲಿಲ್ಲ? ಕ್ಲಚ್ ಪ್ಲೇಟನ್ನು ಕೈಯಲ್ಲಿ ಹಿಡಿದು ನೋಡಿ. ನಡುವೆ ಸುತ್ತಲೂ ಗಿಡ್ಡ ಸ್ಪ್ರಿಂಗುಗಳಿರುತ್ತವೆ. ಅವು ಇರುವುದೇ ಈ ಒದೆ ಕುಡಿಯಲಿಕ್ಕೆ. ಆಮೇಲೆ ಆಕ್ಸಲ್ ಇದೆ, ರಬ್ಬರಿನ ಟೈರ್ ಇದೆ. ಹುಡುಗ ವಿಮಾನಕ್ಕೆ ಭಾರ ಜಾಸ್ತಿ ಅಂತ ಕ್ಲಚ್ಚನ್ನು ಮೊದಲು ಬಿಚ್ಚಿಟ್ಟಿದ್ದ. ತೂಕ ಇಳಿಯಿತು, ಜೊತೆಗೆ ಒದೆ ಕುಡಿಯುವುದೂ ಹೋಯಿತು. ಇಂಜಿನ್‌ನದು ಏನೂ ತಪ್ಪಿರಲಿಲ್ಲ.

ರೈಟ್ ಸಹೋದರರಿಗೂ ಆದದ್ದು ಇದೇ. ಕಾರು ಕಂಪನಿಗಳಿಗೆ ಪತ್ರ ಬರೆದರೂ ಬೇಕಾದ ಇಂಜಿನ್ ಸಿಗದೆ, ತಮ್ಮ ಸೈಕಲ್ ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್ ಕೈಯಲ್ಲೇ ಮಾಡಿಸಿದರು. ಟೇಲರ್ ಬಳಿ ಇದ್ದದ್ದು ಒಂದು ಲೇತು, ಒಂದು ಡ್ರಿಲ್ಲಿಂಗ್ ಮಷೀನು. ಕ್ರ್ಯಾಂಕ್‌ಕೇಸನ್ನು ಊರಿನ ಫೌಂಡ್ರಿಯಲ್ಲಿ ಅಲ್ಯುಮಿನಿಯಂನಲ್ಲಿ ಎರಕ ಹೊಯ್ಸಿದರು. ಆರು ವಾರದಲ್ಲಿ 12 ಎಚ್‌ಪಿ ಇಂಜಿನ್ ಸಿದ್ಧ. ಅದರಿಂದ ಎರಡು ಪ್ರೊಪೆಲ್ಲರಿಗೆ ಚೈನು, ವೇಗ ಇಳಿಸಲಿಕ್ಕೆ ಸ್ಪ್ರಾಕೆಟ್ಟು. ಒಂದು ಚೈನನ್ನು ಅಡ್ಡ ತಿರುವಿ ಹಾಕಿದ್ದರು, ಪ್ರೊಪೆಲ್ಲರುಗಳು ಎದುರು ಬದುರು ತಿರುಗಲಿ ಅಂತ. 1903 ರ ನವೆಂಬರಿನಲ್ಲಿ ಕಿಟ್ಟಿ ಹಾಕ್‌ನಲ್ಲಿ ಶುರು ಮಾಡಿದರೆ ಇಂಜಿನ್ನಿನ ಕುಲುಕಿಗೆ ಸ್ಪ್ರಾಕೆಟ್ಟು ಸಡಿಲಾದವು. ಸೈಕಲ್ ಟೈರ್ ಅಂಟಿಸುವ ಸಿಮೆಂಟ್ ಹಾಕಿ ಕೂರಿಸಿದರು. ಆಮೇಲೆ ಟೊಳ್ಳು ಪ್ರೊಪೆಲ್ಲರ್ ಶಾಫ್ಟೇ ಬಿರುಕು ಬಿಟ್ಟಿತು. ಆರ್ವಿಲ್ ಊರಿಗೆ ವಾಪಸ್ ಹೋಗಿ ಗಟ್ಟಿ ಉಕ್ಕಿನ ಶಾಫ್ಟು ಮಾಡಿಸಿಕೊಂಡು ಬಂದ. ಡಿಸೆಂಬರ್ 17 ರ ಹಾರಾಟ ಆದದ್ದು ಆ ಶಾಫ್ಟಿನಿಂದ.

ಈ ಕಥೆ ಹೇಳಿದಾಗ ಹುಡುಗನ ಮುಖ ಸ್ವಲ್ಪ ಅರಳಿತು.

ಇದಕ್ಕೆ ದಾರಿ ಎರಡೇ. ನಡುವೆ ರಬ್ಬರ್ ಕಪ್ಲಿಂಗ್ ಹಾಕಿ ಎಷ್ಟು ಮೆದು ಮಾಡಬೇಕೆಂದರೆ, ಆ ಕೆಟ್ಟ ತಾಳ ಐಡ್ಲಿಂಗಿಗಿಂತ (ಆಕ್ಸಲರೇಟರ್ ಕೊಡದೆ ಇಂಜಿನ್ ತಿರುಗುವ ವೇಗಕ್ಕಿಂತ) ಕೆಳಗೆ ಹೋಗಬೇಕು. ಇಂಜಿನ್ ಶುರುವಾಗುವಾಗ ಒಂದು ಕ್ಷಣ ಅದನ್ನು ದಾಟಿ ಹೋದರೆ ಮುಗಿಯಿತು. ಇಲ್ಲವೇ ಎಲ್ಲವನ್ನೂ ಎಷ್ಟು ಬಿಗಿ ಮಾಡಬೇಕೆಂದರೆ, ಅದು ಪೂರ್ತಿ ಆರ್‌ಪಿಎಂಗಿಂತ ಮೇಲೆ ಹೋಗಬೇಕು. ನಡುವಿನದು ಅಪಾಯ. "ಇನ್ನೂ ದಪ್ಪ ಶಾಫ್ಟ್ ಹಾಕ್ರಿ" ಅನ್ನುವುದು ನಮ್ಮ ಕಡೆಯ ಎಲ್ಲ ರೋಗಕ್ಕೂ ಒಂದೇ ಔಷಧ. ಇಲ್ಲಿ ಅದು ಕೆಲವೊಮ್ಮೆ ಕೆಟ್ಟ ತಾಳವನ್ನು ತಂದು ಸರಿಯಾಗಿ ನಾವು ಹಾರುವ ಆರ್‌ಪಿಎಂಗೇ ಕೂರಿಸುತ್ತದೆ. ರೊಟ್ಯಾಕ್ಸ್ ಗೇರ್‌ಬಾಕ್ಸಿನ ಒಳಗೆ ಇದಕ್ಕೆಂದೇ ಒಂದು ಡ್ಯಾಂಪರ್ ಇದೆ. ಆ ಇಂಜಿನ್ನಿನ ದುಡ್ಡಿನಲ್ಲಿ ಒಳ್ಳೆಯ ಹೊಸ ಕಾರೇ ಬರುತ್ತದೆ ಅಂತ ಜನ ಗೊಣಗುತ್ತಾರೆ. ದುಡ್ಡು ಹೋಗುವುದು ಪಿಸ್ಟನ್ನಿಗಲ್ಲ, ಇಂಥ ಕಡೆಗೆ.

ಪ್ರೊಪೆಲ್ಲರನ್ನು ನೇರ ಕ್ರ್ಯಾಂಕಿಗೆ ಹಾಕಿದವರಿಗೂ ಬೇರೆ ಕಾಟ ಇತ್ತು. ವಿಮಾನ ಮೂತಿ ತಿರುಗಿಸಿದಾಗಲೆಲ್ಲ ತಿರುಗುತ್ತಿರುವ ಪ್ರೊಪೆಲ್ಲರ್ ಕ್ರ್ಯಾಂಕನ್ನು ಬಗ್ಗಿಸಲು ನೋಡುತ್ತದೆ. ಷೆವರ್ಲೆ ಕೋರ್ವೇರ್ ಕಾರಿನ ಇಂಜಿನ್ ಹಾಕಿದ ಕೆಲವರ ಕ್ರ್ಯಾಂಕ್ ಮುರಿದ ಮೇಲೆ, ಮುಂದೆ ಐದನೇ ಬೇರಿಂಗ್ ಸೇರಿಸುವ ರೂಢಿ ಬಂತು.

ಇನ್ನು ಬಿಸಿಯ ವಿಷಯ. ಕಾರಿನ ಇಂಜಿನ್ ತನ್ನ ಪೂರ್ತಿ ಶಕ್ತಿ ಕೊಡುವುದು ಅಪರೂಪ. ಹುಬ್ಬಳ್ಳಿ ರಸ್ತೆಯಲ್ಲಿ ಎಂಬತ್ತರಲ್ಲಿ ಹೋಗುವಾಗ ಅದು ಹೆಚ್ಚುಕಮ್ಮಿ ಆರಾಮ ಮಾಡುತ್ತಿರುತ್ತದೆ. ವಿಮಾನದಲ್ಲಿ ಏರುವಾಗ ನೂರಕ್ಕೆ ನೂರು, ಮೇಲೆ ಹೋದ ಮೇಲೂ ನೂರಕ್ಕೆ ಎಪ್ಪತ್ತೈದು, ಅದೂ ಗಂಟೆಗಟ್ಟಲೆ. ಗೋವಾಕ್ಕೆ ಹೋದವರಿಗೆ ಚೋರ್ಲಾ ಘಾಟ್ ಗೊತ್ತು. ತುಂಬಿದ ಹಳೆ ಗಾಡಿ ಎರಡನೇ ಗೇರಿನಲ್ಲಿ ಆ ಘಾಟನ್ನು ಇಡೀ ಮಧ್ಯಾಹ್ನ ಏರುತ್ತಲೇ ಇದ್ದರೆ ಹೇಗೋ, ಇಂಜಿನ್ನಿಗೆ ವಿಮಾನದ ಕೆಲಸ ಹಾಗೆ. ಅದಕ್ಕೇ ಕಾರಿನ ರೇಡಿಯೇಟರನ್ನು ಸುಮ್ನೆ ಮುಂದೆ ಕಟ್ಟಿದರೆ ಸಾಲದು. ಗಾಳಿ ಒಳಗೆ ಬರುವ ಬಾಯಿ, ರೇಡಿಯೇಟರ್ ಮುಂದೆ ಅಗಲವಾಗುವ ಡಕ್ಟು, ಹಿಂದೆ ಹೊರಹೋಗುವ ದಾರಿ, ಎಲ್ಲ ಸರಿ ಇರಬೇಕು. ಇಲ್ಲದಿದ್ದರೆ ಗಾಳಿ ಪಕ್ಕದಿಂದ ಜಾರಿ ಹೋಗುತ್ತದೆ, ನೀರು ಕುದಿಯುತ್ತದೆ.

ನಮ್ಮ ಊರಿನ ಎತ್ತರವೂ ಇದಕ್ಕೆ ಸೇರುತ್ತದೆ. ಸಾಂಬ್ರಾ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 758 ಮೀಟರ್ ಮೇಲಿದೆ. ಏಪ್ರಿಲ್ ಮಧ್ಯಾಹ್ನ 36 ಡಿಗ್ರಿ ಇದ್ದಾಗ ಗಾಳಿ ಎಷ್ಟು ತೆಳುವಾಗುತ್ತದೆ ಅಂದರೆ, ಇಂಜಿನ್ನಿಗೆ ತಾನು 1700 ಮೀಟರ್ ಎತ್ತರದಲ್ಲಿ ಇದ್ದಂತೆ. ಟರ್ಬೊ ಇಲ್ಲದ ಇಂಜಿನ್ ಆಗ ಸುಮಾರು ಆರರಲ್ಲಿ ಒಂದು ಪಾಲು ಶಕ್ತಿ ಕಳೆದುಕೊಳ್ಳುತ್ತದೆ. ಮಾರುತಿಯ 37 ರಲ್ಲಿ ಉಳಿಯುವುದು 31. ಅದೇ ತೆಳು ಗಾಳಿಯಲ್ಲಿ ರೆಕ್ಕೆಯೂ ಪ್ರೊಪೆಲ್ಲರೂ ಬಡವಾಗುತ್ತವೆ. ವಿಜಯಪುರದ ಬಿಸಿಲಲ್ಲಿ ಕೇಳುವುದೇ ಬೇಡ.

ಮಳೆಗಾಲದಲ್ಲಿ ಇದರ ಉಲ್ಟಾ. ಜುಲೈನಲ್ಲಿ ಇಲ್ಲಿ ಇಪ್ಪತ್ತೆರಡು ಡಿಗ್ರಿ ಆಸುಪಾಸು, ಗಾಳಿ ತುಂಬ ನೀರು. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಆವಿಯಾಗುವಾಗ ಅದರ ಗಂಟಲು ಹದಿನೈದು-ಇಪ್ಪತ್ತು ಡಿಗ್ರಿ ತಣ್ಣಗಾಗುತ್ತದೆ. ಬೆಳಗಾವಿಯ ಮಳೆಯಲ್ಲೂ ಒಳಗೆ ಐಸ್ ಕಟ್ಟಬಹುದು. ಬೈಕಿನಲ್ಲಿ ಹಾಗಾದರೆ ಒಂದೆರಡು ಸಲ ಕೆಮ್ಮಿ ನಿಲ್ಲುತ್ತದೆ. ನಾವು ಪಕ್ಕಕ್ಕೆ ಹಾಕಿ ಚಹಾ ಕುಡಿಯುತ್ತೇವೆ. ಅಷ್ಟರಲ್ಲಿ ಇಂಜಿನ್ ಬಿಸಿಗೆ ಐಸ್ ಕರಗಿರುತ್ತದೆ, ಯಾಕೆ ನಿಂತಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ವಿಮಾನದಲ್ಲಿ ಪಕ್ಕಕ್ಕೆ ಹಾಕುವ ಜಾಗ ಇಲ್ಲ. ಅದಕ್ಕೇ ಸೈಲೆನ್ಸರ್ ಸುತ್ತಲಿನ ಬಿಸಿ ಗಾಳಿಯನ್ನು ಕಾರ್ಬ್ಯುರೇಟರಿಗೆ ತಿರುಗಿಸುವ ಒಂದು ಲಿವರ್ ಇಡುತ್ತಾರೆ.

ಪೆಟ್ರೋಲಿನ ಬಗ್ಗೆ ಹೇಳಿದರೆ ನಮ್ಮ ಕಬ್ಬಿನ ಜನ ಬೇಜಾರು ಮಾಡಿಕೊಳ್ಳುತ್ತಾರೆ. ಈಗ ಬಂಕಿನಲ್ಲಿ ಸಿಗುವುದು ಇಪ್ಪತ್ತು ಪರ್ಸೆಂಟ್ ಎಥನಾಲ್ ಬೆರೆಸಿದ್ದು. ಆ ಎಥನಾಲಿನಲ್ಲಿ ಬೆಳಗಾವಿ, ಬಾಗಲಕೋಟೆ ಸಕ್ಕರೆ ಫ್ಯಾಕ್ಟರಿಗಳ ಪಾಲು ದೊಡ್ಡದು. ರೈತರಿಗೆ ಬಿಲ್ ಬಂದರೆ ನನಗೂ ಕೆಲಸ ಬರುತ್ತದೆ, ದೂರುವ ಮನಸ್ಸಿಲ್ಲ. ಆದರೆ ಎಥನಾಲ್ ಗಾಳಿಯ ನೀರು ಹೀರುತ್ತದೆ. ನೀರು ಜಾಸ್ತಿಯಾದರೆ ಎರಡೂ ಸೇರಿ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪೈಪ್ ಇರುವುದೂ ತಳದಲ್ಲೇ. ಹಳೆಯ ರಬ್ಬರ್ ಪೈಪು ಮೆತ್ತಗಾಗುತ್ತದೆ, ಕೆಲವು ಫೈಬರ್ ಟ್ಯಾಂಕಿನ ರಾಳ ಕರಗಿ ಕಾರ್ಬ್ಯುರೇಟರಿನ ಸಣ್ಣ ತೂತಿನಲ್ಲಿ ಕೂರುತ್ತದೆ. ಇಲ್ಲೂ ನೋಡಿ, ಇಂಜಿನ್ ಗಟ್ಟಿಯಾಗಿಯೇ ಇರುತ್ತದೆ. ಅದಕ್ಕೆ ಕುಡಿಯಲು ಕೊಡುವ ಪೈಪು ಕೆಡುತ್ತದೆ.

ಕರೆಂಟಿನದೂ ಇದೇ ಕಥೆ. ಹಳೆಯ ವಿಮಾನ ಇಂಜಿನ್ನುಗಳಲ್ಲಿ ತಾವೇ ಕರೆಂಟ್ ಹುಟ್ಟಿಸಿ ಕಿಡಿ ಕೊಡುವ ಎರಡು ಮ್ಯಾಗ್ನೆಟೊ, ಸಿಲಿಂಡರಿಗೆ ಎರಡೆರಡು ಪ್ಲಗ್. ಬ್ಯಾಟರಿ ಸತ್ತರೂ ಕಿಡಿ ಸಾಯುವುದಿಲ್ಲ. ಈಗಿನ ಕಾರಿನ ಇಂಜಿನ್ನಿಗೆ ಕಿಡಿ, ಪೆಟ್ರೋಲ್ ಪಂಪ್, ಇಂಜೆಕ್ಟರ್ ಎಲ್ಲಕ್ಕೂ ಒಂದೇ ಬ್ಯಾಟರಿ, ಒಂದೇ ಕಂಪ್ಯೂಟರ್. ಆ ಕಂಪ್ಯೂಟರಿನ ಬುದ್ಧಿಯೂ ರಸ್ತೆಯದು. ಒಂದು ಸೆನ್ಸರ್ ತಪ್ಪು ಹೇಳಿದರೆ ಶಕ್ತಿ ಇಳಿಸಿ ಇಂಜಿನ್ನನ್ನು ಕಾಪಾಡುತ್ತದೆ. ಗದ್ದೆಗಳ ಮೇಲೆ ನೂರು ಮೀಟರ್ ಎತ್ತರದಲ್ಲಿರುವಾಗ ನನಗೆ ಬೇಕಾದ್ದು ಉಲ್ಟಾ. ಇಂಜಿನ್ ಸುಟ್ಟು ಹೋಗಲಿ, ಎರಡು ನಿಮಿಷ ತಿರುಗಲಿ, ಇಳಿಯುವಷ್ಟು ಹೊತ್ತು ಕೊಡಲಿ. ಈ ಒಂದು ಮಾತು ಅರ್ಥವಾದವರು ಎರಡು ಬ್ಯಾಟರಿ, ಎರಡು ಪಂಪು, ಬೇರೆ ಬೇರೆ ವೈರಿಂಗ್ ಹಾಕುತ್ತಾರೆ.

ನಮ್ಮ ಕಡೆ ಕೈಗುಣಕ್ಕೆ ಕೊರತೆ ಇಲ್ಲ. ಇಲ್ಲಿನ ಫೌಂಡ್ರಿಗಳಿಗೆ ಪ್ಯಾಟರ್ನ್ ಕೊಟ್ಟರೆ ಯಾವ ಕೇಸಿಂಗ್ ಬೇಕಾದರೂ ಬರುತ್ತದೆ. ಹತ್ತಿರದ ಹತ್ತರಗಿಯಲ್ಲಿ ದೊಡ್ಡ ವಿಮಾನಗಳ ಭಾಗಗಳೇ ತಯಾರಾಗುತ್ತವೆ. ಆದರೆ ಅಲ್ಲಿ ಒಂದೊಂದು ತುಂಡಿನ ಜೊತೆ ಕಾಗದ ಇರುತ್ತದೆ: ಯಾವ ಲೋಹ, ಯಾವ ಬ್ಯಾಚು, ಯಾವ ಅಳತೆ, ಯಾರು ನೋಡಿದರು. ನಮ್ಮ ಶೆಡ್ಡಿನಲ್ಲಿ ಬೋಲ್ಟ್ ಸಿಗದಿದ್ದರೆ ಡಬ್ಬಿಯಲ್ಲಿ ಕೈಯಾಡಿಸಿ "ಇದು ಕೂಡ್ತದ" ಅನ್ನುತ್ತೇವೆ. ಪಂಪ್‌ಸೆಟ್ಟಿಗೆ ಅದು ಜಾಣತನ. ಪ್ರೊಪೆಲ್ಲರ್ ಹಬ್ಬಿಗೆ ಅಲ್ಲ. ಬೋಲ್ಟಿನ ತಲೆಯ ಮೇಲಿನ ಗುರುತು ಓದಿ, ಟಾರ್ಕ್ ರೆಂಚಿನಿಂದ ಬಿಗಿದು, ಬರೆದಿಡುವ ಅಭ್ಯಾಸ ಲೇತಿನ ಮುಂದೆ ಬೆಳೆದ ನಮ್ಮಂಥವರಿಗೆ ಬರುವುದೇ ಕಷ್ಟ. ಹುಡುಗನಿಗೆ ಬೇಗ ಬಂತು.

ಹಾರುವ ಮಾತು ದೂರವೇ ಇದೆ. ವಿಮಾನಯಾನ ನಿರ್ದೇಶನಾಲಯದ (ಡಿಜಿಸಿಎ) ಅನುಮತಿ ಇಲ್ಲದೆ ನಮ್ಮ ದೇಶದಲ್ಲಿ ಅದು ಆಗದ ಕೆಲಸ, ಆಗಲೂಬಾರದು. ಮುಂಬೈನ ಕಾಂದಿವಲಿಯಲ್ಲಿ ಮನೆಯ ಮಹಡಿಯ ಮೇಲೆ ವಿಮಾನ ಕಟ್ಟಿದ ಪೈಲಟ್ ಅಮೋಲ್ ಯಾದವ್‌ಗೆ ವರ್ಷಗಟ್ಟಲೆ ಓಡಾಡಿದ ಮೇಲೆ 2017 ರಲ್ಲಿ ನೋಂದಣಿ ಸಿಕ್ಕಿತು. ಹಾಗಾಗಿ ಈ ಹುಡುಗನ ಇಂಜಿನ್ ಸದ್ಯಕ್ಕೆ ಸ್ಟ್ಯಾಂಡಿನ ಮೇಲೇ ಓಡುತ್ತಿದೆ. ನಡುವೆ ರಬ್ಬರ್ ಕಪ್ಲಿಂಗ್ ಬಂದಿದೆ. ಐಡ್ಲಿಂಗನ್ನು ಕೆಟ್ಟ ತಾಳಕ್ಕಿಂತ ಸಾಕಷ್ಟು ಮೇಲಿಟ್ಟಿದ್ದೇವೆ. ಮುಕ್ಕಾಲು ಶಕ್ತಿಯಲ್ಲಿ ಗಂಟೆಗಟ್ಟಲೆ ಓಡಿಸಿ, ಆಯಿಲ್ ಫಿಲ್ಟರ್ ಕತ್ತರಿಸಿ, ಕಾಗದದ ಮಡಿಕೆ ಬಿಚ್ಚಿ, ಲೋಹದ ಚೂರು ಇದೆಯಾ ಅಂತ ನೋಡುತ್ತೇವೆ. ಡಬ್ಬಿಯನ್ನು ಹ್ಯಾಕ್ಸಾದಿಂದ ಕೊಯ್ಯಬಾರದು. ಗರಗಸದ ಪುಡಿ ಒಳಗೆ ಬಿದ್ದರೆ ಯಾವುದು ಬೇರಿಂಗಿನದು, ಯಾವುದು ಡಬ್ಬಿಯದು ಅಂತ ತಿಳಿಯುವುದಿಲ್ಲ. ಲೇತಿಗೆ ಕಟ್ಟಿ ಅಂಚನ್ನು ಮೆಲ್ಲಗೆ ತೆಗೆಯುತ್ತೇನೆ. ಬಾಯಿ ಬಿಡುವ ಮೊದಲು ನಿಲ್ಲಿಸಿ, ಚೂರೆಲ್ಲ ಒರೆಸಿ, ಉಳಿದದ್ದನ್ನು ಚಾಕುವಿನಿಂದ ಬಿಡಿಸುತ್ತೇನೆ.

ಮೊನ್ನೆ ಅವನ ಅಪ್ಪ ಬಂದಿದ್ದರು. ಸ್ಟ್ಯಾಂಡಿನ ಸುತ್ತ ಒಂದು ಸುತ್ತು ಹಾಕಿ, ಕೈ ಹಿಂದೆ ಕಟ್ಟಿಕೊಂಡು ಕೇಳಿದರು: "ವಿಮಾನ ಆಗಲಿಲ್ಲಂದ್ರ ಇದನ್ನ ಹೊಳಿ ಪಂಪಿಗೆ ಹಚ್ಚಾಕ ಬರ್ತೈತೇನ್ರಿ?"

"ಬರ್ತೈತ್ರಿ" ಅಂದೆ. "ಆದ್ರ ಮೊದಲ ಕ್ಲಚ್ ವಾಪಸ್ ಕೂಡಸ್ರಿ."